ಚೆಟ್ರಿಯಂಥ ಸ್ಟ್ರೈಕರ್ ರೂಪುಗೊಂಡದ್ದು ಹೇಗೆ, ಅವರ ಜಾಗಕ್ಕೆ ಮುಂದಿನವರು ಏಕೆ ಬರುತ್ತಿಲ್ಲ?

ಹಲಸೂರು ನಿವಾಸಿ (ಚರ್ಚೆ ಆರಂಭಿಸಿದವರು)

ಭಾರತ ಫುಟ್‌ಬಾಲ್ ತಂಡದ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಸುನಿಲ್ ಚೆಟ್ರಿ ಅವರ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಅವರ ಶಿಸ್ತು, ಊಟ, ನಿದ್ದೆ ಹಾಗೂ ಅಂಗಸಾಧನೆಯನ್ನು ಹೊಗಳುವುದರಲ್ಲೇ ಮುಗಿದುಹೋಗುತ್ತವೆ. ಅವೆಲ್ಲವೂ ನಿಜವೇ. ಆದರೆ ಅಷ್ಟೇ ಶಿಸ್ತಿನಿಂದ ಬದುಕುವ ಆಟಗಾರರು ಇವತ್ತು ನಮ್ಮ ಲೀಗ್‌ಗಳಲ್ಲಿ ಕಡಿಮೆಯೇನಿಲ್ಲ. ಆದರೂ ಭಾರತಕ್ಕೆ ಗೋಲು ಹೊಡೆಯುವವರು ಯಾರು ಎಂಬ ಪ್ರಶ್ನೆ ಎದುರಾದಾಗ, 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಚೆಟ್ರಿಯವರನ್ನೇ, ವರ್ಷ ತುಂಬುವ ಮೊದಲೇ, ನಲವತ್ತರ ವಯಸ್ಸಿನಲ್ಲಿ ಮತ್ತೆ ಕರೆಯಬೇಕಾಯಿತು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಅವರು ತಲೆಯಿಂದಲೇ ಗೋಲು ಹೊಡೆದರು. ಅದು ದೇಶಕ್ಕಾಗಿ ಅವರು ಹೊಡೆದ 95ನೇ ಗೋಲು.

ನನ್ನ ಅಭಿಪ್ರಾಯ ಇಷ್ಟು: ಸ್ಟ್ರೈಕರ್ ರೂಪುಗೊಳ್ಳುವುದು ಅಭ್ಯಾಸದ ಅಂಗಳದಲ್ಲಿ ಅಲ್ಲ, ಪಂದ್ಯದಲ್ಲಿ ಎದುರಾಳಿಯ ಪೆನಾಲ್ಟಿ ಚೌಕದೊಳಗೆ ಅವನು ಕಳೆಯುವ ನಿಮಿಷಗಳಲ್ಲಿ. ಚೆಟ್ರಿಯವರಿಗೆ ಆ ನಿಮಿಷಗಳು ಎಳೆಯ ವಯಸ್ಸಿನಲ್ಲೇ ಧಾರಾಳವಾಗಿ ದೊರೆತವು. 2002ರಲ್ಲಿ ಹದಿಹರೆಯದಲ್ಲೇ ಮೋಹನ್ ಬಾಗನ್ ಸೇರಿದ ಅವರು, 2005ರಿಂದ 2008ರವರೆಗೆ ಪಂಜಾಬಿನ ಜೆಸಿಟಿ ತಂಡದಲ್ಲಿ ಗೋಲಿನ ಮುಂದಿನ ಜಾಗವನ್ನು ತಮ್ಮದಾಗಿಸಿಕೊಂಡರು. ತಪ್ಪಿಸಿದ ಅವಕಾಶಗಳ ಮರುವಾರವೂ ಅದೇ ಜಾಗದಲ್ಲಿ ನಿಲ್ಲುವ ಭರವಸೆ ಅವರಿಗಿತ್ತು. ಭಾರತ ತಂಡದಲ್ಲಿ 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ಅಲ್ಲಿಂದ ಮುಂದೆ ಹಿರಿಯ ಸ್ಟ್ರೈಕರ್ ಬೈಚುಂಗ್ ಭುಟಿಯಾ ಅವರ ಪಕ್ಕದಲ್ಲಿ ಆಡುತ್ತ, ಏಷ್ಯಾದ ದೇಶಗಳ 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಗಳಿಸಿದರು. ಆ 4–1ರ ಗೆಲುವಿನಿಂದಲೇ ಭಾರತ 2011ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು.

ಈಗ ಇಪ್ಪತ್ತೆರಡರ ಹುಡುಗನೊಬ್ಬ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡಕ್ಕೆ ಸೇರಿದರೆ ಅವನನ್ನು ಅಂಗಳದ ಅಂಚಿನ ಬದಿಗೆ (ವಿಂಗ್) ತಳ್ಳಲಾಗುತ್ತದೆ. ನಡುವಿನ ಜಾಗ ವಿದೇಶಿ ಆಟಗಾರನಿಗೆ ಮೀಸಲು. 2014ರ ಮೊದಲ ಆವೃತ್ತಿಯಿಂದ 2024–25ರವರೆಗೆ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿ ಒಬ್ಬ ಭಾರತೀಯನಿಗೂ ಸಿಕ್ಕಿಲ್ಲ. ಈ ಬಗ್ಗೆ ನಗರದ ಮೈದಾನಗಳನ್ನು ಬಲ್ಲವರು ಏನು ಹೇಳುತ್ತೀರಿ ಎಂದು ತಿಳಿಯುವ ಆಸೆಯಿಂದ ಇದನ್ನು ಬರೆದಿದ್ದೇನೆ.

ಬನಶಂಕರಿ ವೀಕ್ಷಕ

ಪ್ರಶ್ನೆ ಒಳ್ಳೆಯದು, ಆದರೆ ಉತ್ತರವನ್ನು ಒಪ್ಪಲಾರೆ. ವಿದೇಶಿ ಸ್ಟ್ರೈಕರ್‌ಗಳು ಐಎಸ್‌ಎಲ್ ಜೊತೆ ಬಂದವರಲ್ಲ. ಅದಕ್ಕೂ ಮೊದಲಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಕಾಲದಲ್ಲಿ ರಂತಿ ಮಾರ್ಟಿನ್ಸ್ ಮತ್ತು ಒಡಾಫಾ ಒಕೊಲಿ ವರ್ಷಗಟ್ಟಲೆ ಗೋಲುಗಳ ಪಟ್ಟಿಯ ತುದಿಯಲ್ಲಿದ್ದರು. ಚೆಟ್ರಿಯವರು 2009–10ರಲ್ಲಿ ಡೆಂಪೊ ತಂಡದಲ್ಲಿ ಇದೇ ರಂತಿ ಅವರ ಜೊತೆ ಆಡಿದವರು. ಆಗಲೂ ಪೈಪೋಟಿ ಇತ್ತು, ಆದರೂ ಒಬ್ಬ ಚೆಟ್ರಿ ಹೊರಬಂದರು. ಹಾಗಿದ್ದ ಮೇಲೆ ವಿದೇಶಿ ಆಟಗಾರರಿಗೆ ಅವಕಾಶ ಕೊಡುವ ನಿಯಮವನ್ನು ದೂರುವ ಬದಲು ಇಂದಿನ ಹುಡುಗರಲ್ಲಿ ಆ ಮಟ್ಟದ ಛಲ ಇಲ್ಲವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕವಲ್ಲವೇ?

ಇನ್ನೊಂದು ಮಾತು. 95 ಗೋಲುಗಳೆಂಬ ಸಂಖ್ಯೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಎದುರಾಳಿಗಳ ಹೆಸರನ್ನು ಯಾರೂ ಹೇಳುವುದಿಲ್ಲ. ಅದರಲ್ಲಿ ನೇಪಾಳ, ಮಾಲ್ಡೀವ್ಸ್, ಬಾಂಗ್ಲಾದೇಶಗಳ ಪಾಲು ದೊಡ್ಡದು. 2023ರ ಜೂನ್ 21ರಂದು ನಮ್ಮ ಕಂಠೀರವದಲ್ಲಿ ಪಾಕಿಸ್ತಾನದ ವಿರುದ್ಧ ಬಂದ ಹ್ಯಾಟ್ರಿಕ್‌ನಲ್ಲಿ ಮೊದಲನೆಯದು ಗೋಲ್‌ಕೀಪರ್‌ನ ತಪ್ಪಿನಿಂದ ದಕ್ಕಿದ್ದು, ಉಳಿದೆರಡು ಪೆನಾಲ್ಟಿ. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಗೌರವದ ಕಾರಣಕ್ಕೆ ಲೆಕ್ಕವನ್ನು ಬಿಡಬಾರದು ಎನ್ನುವುದಷ್ಟೇ ನನ್ನ ಮಾತು.

ಪಶ್ಚಿಮ ಗ್ಯಾಲರಿ

ಬನಶಂಕರಿಯವರೇ, ಲೆಕ್ಕ ಹಾಕುವುದಾದರೆ ಪೂರ್ತಿ ಹಾಕೋಣ. 2011ರ ಏಷ್ಯನ್ ಕಪ್‌ನಲ್ಲಿ ಬಹ್ರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಒಂದೊಂದು, 2019ರಲ್ಲಿ ಥಾಯ್ಲೆಂಡ್ ವಿರುದ್ಧ ಎರಡು. ಇವು ಏಷ್ಯಾದ ಅತಿ ದೊಡ್ಡ ಕೂಟದ ಗೋಲುಗಳು. 2015ರ ಜೂನ್‌ನಲ್ಲಿ ಕಂಠೀರವದಲ್ಲಿ ಒಮಾನ್ ವಿರುದ್ಧ ಭಾರತ 1–2ರಿಂದ ಸೋತಿತು, ಆದರೆ ಆ ಒಂದು ಗೋಲು ಚೆಟ್ರಿಯವರದು, ಅದನ್ನು ನೋಡಿದವರು ಇವತ್ತಿಗೂ ಮಾತಾಡುತ್ತಾರೆ. 2017ರ ಜೂನ್ 13ರಂದು ಅದೇ ಅಂಗಳದಲ್ಲಿ ಕಿರ್ಗಿಸ್ತಾನವನ್ನು 1–0ರಿಂದ ಸೋಲಿಸಿದ ಗೋಲನ್ನು ಮತ್ತೊಮ್ಮೆ ನೋಡಿ: ಅಂಗಳದ ನಡುವಿನಿಂದ ಚೆಂಡು ಹಿಡಿದು ಓಡಿ, ಸಹ ಆಟಗಾರ ಜೆಜೆಗೆ ಕೊಟ್ಟು, ಡಿಫೆಂಡರ್‌ಗಳ ತಲೆಯ ಮೇಲಿಂದ ಅವರು ಮರಳಿಸಿದ ಚೆಂಡನ್ನು ನೆಲಕ್ಕೆ ಬೀಳಲು ಹೆಚ್ಚು ಬಿಡದೆ ಮುಗಿಸಿದ್ದು. ಕ್ಲಬ್ ಮಟ್ಟದಲ್ಲಿ, 2016ರ ಅಕ್ಟೋಬರ್ 19ರಂದು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೋಹರ್ ತಂಡವನ್ನು ಬೆಂಗಳೂರು ಎಫ್‌ಸಿ 3–1ರಿಂದ ಸೋಲಿಸಿದಾಗ ಎರಡು ಗೋಲು ಅವರವೇ. ಭಾರತದ ಕ್ಲಬ್ ಒಂದು ಆ ಕೂಟದ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ತಂಡದ ಎದುರು 0–1ರಿಂದ ಸೋತೆವು ಎಂಬುದು ಬೇರೆ ಮಾತು.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ನೀವು ಡೆಂಪೊ ಉದಾಹರಣೆ ಕೊಟ್ಟಿದ್ದರಿಂದಲೇ ಉತ್ತರ ಸ್ಪಷ್ಟವಾಗುತ್ತದೆ ಎಂದು ನನಗೆ ತೋರುತ್ತದೆ. ಆ ಕಾಲದ ತಂಡಗಳಲ್ಲಿ ಬಹಳಷ್ಟು ಮುಂಚೂಣಿಯಲ್ಲಿ ಇಬ್ಬರನ್ನು ಆಡಿಸುತ್ತಿದ್ದವು. ಒಬ್ಬ ವಿದೇಶಿ ಇದ್ದರೂ ಅವನ ಪಕ್ಕದಲ್ಲಿ ಒಬ್ಬ ಭಾರತೀಯನಿಗೆ ಜಾಗವಿತ್ತು, ಎದುರಾಳಿಯ ಡಿಫೆಂಡರ್‌ಗಳು ಆ ವಿದೇಶಿಯ ಮೇಲೆ ಕಣ್ಣಿಟ್ಟಾಗ ಇವನಿಗೆ ಬಿಡುವೂ ಸಿಗುತ್ತಿತ್ತು. ಐಎಸ್‌ಎಲ್ ಬರುವ ಹೊತ್ತಿಗೆ ತರಬೇತುದಾರರಲ್ಲಿ ಹೆಚ್ಚಿನವರು ಒಬ್ಬನೇ ಸ್ಟ್ರೈಕರ್ ಇರುವ ರಚನೆಯನ್ನು ತಂದರು. ಅದೇ ಹೊತ್ತಿಗೆ ಅಂಗಳದಲ್ಲಿ ಒಮ್ಮೆಗೆ ಆರು ವಿದೇಶಿಯರನ್ನು ಆಡಿಸಲು ಅವಕಾಶವಿತ್ತು. 2017–18ರಲ್ಲಿ ಅದು ಐದಕ್ಕೆ, 2021–22ರಲ್ಲಿ ನಾಲ್ಕಕ್ಕೆ ಇಳಿಯಿತು. ನಾಲ್ವರಿಗೆ ಇಳಿದ ಮೇಲೂ ಕ್ಲಬ್‌ಗಳು ಮೊದಲು ಕೊಳ್ಳುವುದು ಸ್ಟ್ರೈಕರ್‌ನನ್ನೇ. ಇಬ್ಬರ ಜಾಗ ಒಂದಾದಾಗ ಹೊರಗೆ ಬಿದ್ದವನು ಭಾರತೀಯ. ಇದಕ್ಕೂ ಛಲಕ್ಕೂ ಸಂಬಂಧವಿಲ್ಲ.

ನಿವೃತ್ತ ಆಟಗಾರ, ವಿಮಾನಪುರ

ನಾನು ಕಾರ್ಖಾನೆಯೊಂದರ ತಂಡದಲ್ಲಿ ಆಡಿದವನು. ಹಾಗಾಗಿ ಈ ನಗರದ ಹಿನ್ನೆಲೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಗೋಲು ಹೊಡೆಯುವವರನ್ನು ಬೆಂಗಳೂರು ಹೊಸದಾಗಿ ನೋಡಿದ್ದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಅಂದಿನ ಮೈಸೂರು ರಾಜ್ಯದ ಆಟಗಾರರ ದೊಡ್ಡ ಗುಂಪೇ ಇತ್ತು. ಫ್ರಾನ್ಸ್ ಎದುರು ಭಾರತದ ಏಕೈಕ ಗೋಲನ್ನು ಹೊಡೆದ ಎಸ್. ರಾಮನ್ ಅವರೂ ಆ ಗುಂಪಿನವರೇ. ಅಹ್ಮದ್ ಖಾನ್ ಮತ್ತು ಧನರಾಜ್ ಇಲ್ಲಿಂದ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರೆಂಬ ಐವರು ಮುಂಚೂಣಿ ಆಟಗಾರರಲ್ಲಿ ಇಬ್ಬರಾದರು. ಅಂದಿನಿಂದಲೂ ನಮ್ಮ ಮುಂಚೂಣಿ ಆಟಗಾರನಿಗೆ ಎರಡೇ ದಾರಿಗಳಿದ್ದವು: ಒಂದು ಕೋಲ್ಕತ್ತ, ಇನ್ನೊಂದು ಇಲ್ಲಿನ ಸಾರ್ವಜನಿಕ ಉದ್ದಿಮೆಯ ಕೆಲಸ.

ಆ ಕೆಲಸದಿಂದ ಆದ ಉಪಕಾರವನ್ನು ಇಂದಿನವರು ಸರಿಯಾಗಿ ಅರಿತಿಲ್ಲ. ಎಚ್‌ಎಎಲ್, ಐಟಿಐ ಮುಂತಾದ ತಂಡಗಳಲ್ಲಿದ್ದವನು ಬೆಳಗ್ಗೆ ಅಭ್ಯಾಸ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದ. ಸತತ ಕೆಲವು ಪಂದ್ಯಗಳಲ್ಲಿ ಗೋಲು ಬಾರದಿದ್ದರೆ ಅವನ ಸಂಬಳ ನಿಲ್ಲುತ್ತಿರಲಿಲ್ಲ, ಮನೆಯವರ ಊಟಕ್ಕೆ ತೊಂದರೆಯಾಗುತ್ತಿರಲಿಲ್ಲ. ಸ್ಟ್ರೈಕರ್‌ಗೆ ಆ ನೆಮ್ಮದಿ ಎಲ್ಲರಿಗಿಂತ ಹೆಚ್ಚು ಬೇಕು, ಏಕೆಂದರೆ ಬರಗಾಲ ಬರುವುದು ಅವನಿಗೇ. ಚೆಟ್ರಿಯವರು ಗುತ್ತಿಗೆಯ ಕಾಲದವರು, ವರ್ಷ ವರ್ಷವೂ ತಮ್ಮನ್ನು ಸಾಬೀತುಮಾಡಿಕೊಳ್ಳಬೇಕಾದವರು. ಆ ಒತ್ತಡದ ನಡುವೆ ಎರಡು ದಶಕಕ್ಕೂ ಮೀರಿ ಗೋಲು ಹೊಡೆದದ್ದನ್ನು ಬರೀ ಅವಕಾಶದ ಲೆಕ್ಕದಿಂದ ವಿವರಿಸಲಾಗದು ಎಂಬುದು ನನ್ನ ಅನಿಸಿಕೆ. ಸೈನಿಕನ ಮನೆಯಲ್ಲಿ ಬೆಳೆದವರು ಅವರು. ತಾಯಿ ಸ್ವತಃ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಮನೆಯಲ್ಲೇ ಆಟದ ಭಾಷೆ ತಿಳಿದ ಹಿರಿಯರಿದ್ದರೆ ಮಗುವಿಗೆ ಅದರಿಂದ ಆಗುವ ಲಾಭ ದೊಡ್ಡದು.

ರಿಚ್ಮಂಡ್ ಟೌನ್

ವಿದೇಶದ ಪ್ರಯತ್ನಗಳನ್ನು ಯಾರೂ ಪ್ರಸ್ತಾಪಿಸಿಲ್ಲ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಮೂರು ವರ್ಷಗಳ ಒಪ್ಪಂದಕ್ಕೆ ಸಿದ್ಧವಿತ್ತು. ಫಿಫಾ ಶ್ರೇಯಾಂಕದಲ್ಲಿ ಭಾರತ ಮೊದಲ 70ರೊಳಗೆ ಇರಲಿಲ್ಲವೆಂಬ ಕಾರಣಕ್ಕೆ ಕೆಲಸದ ಪರವಾನಗಿ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಜರ್ಡ್ಸ್ ತಂಡಕ್ಕೆ ಹೋದರು, ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ಎರಡನೇ ತಂಡ ಸೇರಿದರು, ಅಲ್ಲಿ ಸಿಕ್ಕಿದ್ದು ಕೆಲವೇ ನಿಮಿಷಗಳು.

ಇಲ್ಲಿ ಗಮನಿಸಬೇಕಾದದ್ದು ಅವರು ಮರಳಿದ ರೀತಿ. ಪ್ರತಿ ಬಾರಿಯೂ ಹೆಸರಿನ ಆಸೆಗೆ ಬೆಂಚಿನ ಮೇಲೆ ಕೂತು ಕಾಲ ಕಳೆಯದೆ, ಆಡಲು ಸಿಗುವ ತಂಡಕ್ಕೆ ಬಂದರು. ಪೋರ್ಚುಗಲ್‌ನಿಂದ ಚರ್ಚಿಲ್ ಬ್ರದರ್ಸ್‌ಗೆ ಬಂದು, ಆ ಋತುವಿನ ಐ-ಲೀಗ್ ಗೆದ್ದ ತಂಡದಲ್ಲಿದ್ದರು. ಅದಾದ ಮೇಲೆ 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ. ಹಲಸೂರಿನವರು ಹೇಳುವ ‘ನಿಮಿಷಗಳ’ ಮಾತಿಗೆ ಇದು ಪುಷ್ಟಿ ಕೊಡುತ್ತದೆ: ಅವಕಾಶ ಅವರಿಗೆ ಸಿಕ್ಕಿತು ಎನ್ನುವುದಕ್ಕಿಂತ, ಅವಕಾಶವಿರುವಲ್ಲಿಗೆ ಅವರೇ ಹೋದರು.

ಪಶ್ಚಿಮ ಗ್ಯಾಲರಿ

ರಿಚ್ಮಂಡ್ ಟೌನ್‌ನವರ ಮಾತಿನ ಮುಂದುವರಿಕೆಯಾಗಿ, ಬೆಂಗಳೂರಿಗೆ ಬಂದ ಮೇಲೆ ಅವರ ಆಟ ಬದಲಾದ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸುತ್ತಿದೆ. ನನಗೆ ಅವರ ವೃತ್ತಿಜೀವನದ ಅತ್ಯಂತ ಶ್ರೀಮಂತ ಭಾಗ ಇದೇ.

2013–14ರಲ್ಲಿ ಆಶ್ಲೆ ವೆಸ್ಟ್‌ವುಡ್ ತರಬೇತಿಯ ತಂಡ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಮೈದಾನದಲ್ಲಿ ಆಡುತ್ತಿತ್ತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಚೆಟ್ರಿಯವರು 14 ಗೋಲು ಹೊಡೆದು ಲೀಗ್‌ನ ಜಂಟಿ ಅಗ್ರರಾದರು. 2016ರಲ್ಲಿ ತರಬೇತುದಾರರಾಗಿ ಆಲ್ಬರ್ಟ್ ರೋಕಾ ಬಂದರು, 2017ರಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು. ನಡುವಿನ ಜಾಗ ಮಿಕು ಅವರದಾಯಿತು, ನಾಯಕ ಚೆಟ್ರಿ ಎಡಬದಿಗೆ ಸರಿದರು. ಮೂವತ್ತಮೂರರ ವಯಸ್ಸಿನಲ್ಲಿ ತಮ್ಮ ಜಾಗ ಬಿಟ್ಟುಕೊಟ್ಟ ಸ್ಟ್ರೈಕರ್‌ನ ಗೋಲುಗಳು ಕಡಿಮೆಯಾಗಬೇಕಿತ್ತು. ಆದರೆ 2017–18ರ ಐಎಸ್‌ಎಲ್‌ನಲ್ಲಿ ಮಿಕು 15, ಚೆಟ್ರಿ 14. ಎಡಬದಿಯಲ್ಲಿ ಬಿಳಿಗೆರೆಗೆ ಅಂಟಿಕೊಂಡು ನಿಲ್ಲುವ ಆಟ ಅದಾಗಿರಲಿಲ್ಲ. ಮಿಕು ಹಿಂದೆ ಸರಿದು ಡಿಫೆಂಡರ್‌ನನ್ನು ಎಳೆದುಕೊಂಡು ಬಂದಾಗ ತೆರವಾದ ಜಾಗಕ್ಕೆ ಓರೆಯಾಗಿ ನುಗ್ಗಿ ಬಲಗಾಲಿನಿಂದ ಮುಗಿಸುವ ಆಟ.

ತಲೆಯ ಆಟದ ವಿಷಯವೂ ಹೀಗೆಯೇ. ಅವರ ಎತ್ತರ ಸುಮಾರು 170 ಸೆಂಟಿಮೀಟರ್. ಅವರಿಗಿಂತ ಎತ್ತರದ ಡಿಫೆಂಡರ್‌ಗಳ ನಡುವೆ ಅಷ್ಟೊಂದು ಹೆಡರ್ ಗೋಲುಗಳು ಹೇಗೆ ಬಂದವು ಎಂದರೆ, ಅವರು ಡಿಫೆಂಡರ್‌ನ ಮುಂದೆ ನಿಂತು ಜಿಗಿಯುವ ಪಂದ್ಯಕ್ಕೇ ಇಳಿಯುವುದಿಲ್ಲ. ಕ್ರಾಸ್ (ಅಂಗಳದ ಬದಿಯಿಂದ ಗೋಲಿನ ಮುಂದೆ ಹಾಕುವ ಚೆಂಡು) ಬರುವ ಬದಿಗೆ ಡಿಫೆಂಡರ್ ಮುಖ ಮಾಡಿದ್ದಾಗ ಅವನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ ನಿಲ್ಲುತ್ತಾರೆ. ಚೆಂಡು ಹೊಡೆಯುವವನ ಕಾಲು ಹಿಂದಕ್ಕೆ ಹೋಗುವ ಹೊತ್ತಿಗೆ ಎರಡು ಹೆಜ್ಜೆ ಓಟ ಶುರುವಾಗಿರುತ್ತದೆ. ನಿಂತಲ್ಲಿಂದ ಜಿಗಿಯುವ ಎತ್ತರದವನಿಗಿಂತ ಓಡಿ ಬಂದು ಜಿಗಿಯುವ ಕುಳ್ಳ ಮೊದಲು ಚೆಂಡು ಮುಟ್ಟುತ್ತಾನೆ. 2021ರ ಜೂನ್‌ನಲ್ಲಿ ದೋಹಾದಲ್ಲಿ ಬಾಂಗ್ಲಾದೇಶದ ವಿರುದ್ಧ, ಆಶಿಕ್ ಅವರ ಕ್ರಾಸ್‌ಗೆ ಬಂದ ಗೋಲನ್ನು ನಿಧಾನಗತಿಯಲ್ಲಿ ನೋಡಿದರೆ ಇದು ಅರ್ಥವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಗೋವಾ ಎದುರಿನ ಐಎಸ್‌ಎಲ್ ಸೆಮಿಫೈನಲ್‌ನ ಕೊನೆಯ ಗಳಿಗೆಯಲ್ಲಿ, ಬದಲಿ ಆಟಗಾರನಾಗಿ ಬಂದು ತಲೆಯಿಂದ ಹೊಡೆದು ತಂಡವನ್ನು ಫೈನಲ್‌ಗೆ ಒಯ್ದಾಗ ಅವರಿಗೆ ನಲವತ್ತು ತುಂಬಿ ಎಂಟು ತಿಂಗಳಾಗಿತ್ತು. ವೇಗ ಹೋದ ಮೇಲೂ ಸಮಯಪ್ರಜ್ಞೆ ಹೋಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎಳೆಯರ ತರಬೇತುದಾರ, ಹೆಣ್ಣೂರು

ಪಶ್ಚಿಮ ಗ್ಯಾಲರಿಯವರ ವಿವರಣೆಯನ್ನು ನನ್ನ ಹುಡುಗರಿಗೆ ಓದಿ ಹೇಳಿದೆ. ಈಗ ನನ್ನ ಅನುಭವದಿಂದ, ಸಮಸ್ಯೆ ಐಎಸ್‌ಎಲ್‌ಗಿಂತ ಬಹಳ ಮೊದಲೇ ಶುರುವಾಗುತ್ತದೆ ಎಂಬುದನ್ನು ಹೇಳಬೇಕು.

ಈ ನಗರದಲ್ಲಿ ಮಕ್ಕಳು ಫುಟ್‌ಬಾಲ್ ಆಡುವುದು ಈಗ ಹೆಚ್ಚಾಗಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ಗಳಲ್ಲಿ. ಕೆಲವು ಕಟ್ಟಡಗಳ ತಾರಸಿಯ ಮೇಲೆಯೇ ಇವೆ. ಐದೈದು ಜನ, ಸುತ್ತ ಬಲೆ, ಸಣ್ಣ ಗೋಲು. ಕಾಲಿನ ಚಳಕಕ್ಕೆ ಅದು ಒಳ್ಳೆಯ ಜಾಗ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಕ್ರಾಸ್ ಎಂಬುದೇ ಇಲ್ಲ, ಹೆಡರ್ ಇಲ್ಲ, ಆಫ್‌ಸೈಡ್ ಇಲ್ಲ. ಡಿಫೆಂಡರ್‌ನ ಬೆನ್ನ ಹಿಂದೆ ಹೋಗಿ ನಿಲ್ಲಲು ಜಾಗವೇ ಇಲ್ಲ. ಹನ್ನೆರಡನೇ ವಯಸ್ಸಿನವರೆಗೆ ಬರೀ ಇದನ್ನೇ ಆಡಿದ ಹುಡುಗ ದೊಡ್ಡ ಅಂಗಳಕ್ಕೆ ಬಂದಾಗ ಚೆಂಡು ತನ್ನ ಕಾಲಿಗೇ ಬರಲಿ ಎಂದು ಕಾಯುತ್ತಾನೆ. ಚೆಂಡು ಬರಬಹುದಾದ ಜಾಗಕ್ಕೆ ತಾನೇ ಮೊದಲು ಹೋಗಬೇಕೆಂಬುದು ಅವನಿಗೆ ಹೊಳೆಯುವುದಿಲ್ಲ. ಗೌತಮಪುರದಲ್ಲಾಗಲಿ ಆಸ್ಟಿನ್ ಟೌನ್‌ನಲ್ಲಾಗಲಿ ಮಣ್ಣಿನ ಅಂಗಳದಲ್ಲಿ ಹಿರಿಯರ ಜೊತೆ ಸೇರಿ ಆಡಿದ ಮಕ್ಕಳಲ್ಲಿ ಈ ಬುದ್ಧಿ ತಾನಾಗಿ ಬರುತ್ತಿತ್ತು.

ತರಬೇತುದಾರರಾದ ನಮ್ಮ ಪಾಲೂ ಇದೆ. ಎತ್ತರದ ಹುಡುಗನನ್ನು ಹಿಂದೆ ನಿಲ್ಲಿಸುತ್ತೇವೆ, ವೇಗದವನನ್ನು ಬದಿಗೆ ಕಳಿಸುತ್ತೇವೆ, ಏಕೆಂದರೆ ವಾರದ ಕೊನೆಯ ಪಂದ್ಯ ಗೆಲ್ಲಬೇಕು, ಪೋಷಕರು ಹೊರಗೆ ನಿಂತು ನೋಡುತ್ತಿರುತ್ತಾರೆ. ಗೋಲಿನ ಮುಂದೆ ಸಹನೆಯಿಂದ ನಿಲ್ಲುವುದನ್ನು ಕಲಿಸಲು ಬೇಕಾದ ಹತ್ತಾರು ವಾರಗಳನ್ನು ಯಾರೂ ಕೊಡುವುದಿಲ್ಲ.

ಬನಶಂಕರಿ ವೀಕ್ಷಕ

ಹೆಣ್ಣೂರಿನ ತರಬೇತುದಾರರ ಮಾತು ನನಗೆ ಇಲ್ಲಿ ಬಂದ ಎಲ್ಲ ಮಾತುಗಳಿಗಿಂತ ಹೆಚ್ಚು ಒಪ್ಪಿಗೆಯಾಯಿತು. ಆದರೆ 2025ರಲ್ಲಿ ಚೆಟ್ರಿಯವರು ಭಾರತ ತಂಡಕ್ಕೆ ಮರಳಿದ್ದನ್ನು ಸಂಭ್ರಮಿಸುವುದಕ್ಕೆ ನನ್ನ ಆಕ್ಷೇಪವಿದೆ. ಆ ಋತುವಿನಲ್ಲಿ ಚೆಟ್ರಿಯವರು ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾಗಿದ್ದರು, ಕರೆದದ್ದು ಅರ್ಹತೆಯಿಂದಲೇ, ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಮುಂದೇನಾಯಿತು? ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಗೋಲಿಲ್ಲದ ಡ್ರಾ, ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು 1–2ರ ಸೋಲು, 2027ರ ಕೂಟದ ಬಾಗಿಲು ಮುಚ್ಚಿತು. ಸೋಲುವುದೇ ಆಗಿದ್ದರೆ ಆ ನಿಮಿಷಗಳನ್ನು ಇಪ್ಪತ್ತೆರಡರ ಹುಡುಗನಿಗೆ ಕೊಟ್ಟು ಸೋಲಬಹುದಿತ್ತು. ಹಲಸೂರಿನವರು ಹೇಳುವ ತತ್ವವನ್ನೇ ನಾನೂ ಹೇಳುತ್ತಿದ್ದೇನೆ, ಚೆಟ್ರಿಯವರಿಗೂ ಅದನ್ನು ಅನ್ವಯಿಸಿ.

ಮಲ್ಲೇಶ್ವರದ ಓದುಗಿ

ಬೆಂಗಳೂರು ಎಫ್‌ಸಿಯ ಯುವ ಸ್ಟ್ರೈಕರ್ ಶಿವಶಕ್ತಿ ನಾರಾಯಣನ್ ಅವರ 2022–23ರ ಐಎಸ್‌ಎಲ್ ಋತುವನ್ನು ನೆನಪಿಸುತ್ತೇನೆ. ತರಬೇತುದಾರ ಸೈಮನ್ ಗ್ರೇಸನ್ ಹಲವು ಪಂದ್ಯಗಳಲ್ಲಿ ಚೆಟ್ರಿಯವರನ್ನು ಬೆಂಚಿನ ಮೇಲೆ ಕೂರಿಸಿ, ರಾಯ್ ಕೃಷ್ಣ ಅವರ ಜೊತೆ ಆ ಹುಡುಗನನ್ನು ಮುಂಚೂಣಿಯಲ್ಲಿ ಆಡಿಸಿದರು. ಇಬ್ಬರು ಸ್ಟ್ರೈಕರ್‌ಗಳ ರಚನೆ. ಶಿವಶಕ್ತಿ ಗೋಲುಗಳನ್ನೂ ಹೊಡೆದರು, ತಂಡವೂ ಫೈನಲ್ ತಲುಪಿತು. ನಾಯಕರು ಒಂದು ಮಾತೂ ಆಡದೆ ಬೆಂಚಿನಿಂದ ಬಂದು, ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ, ವಿವಾದಕ್ಕೀಡಾದ ಒಂದು ಫ್ರೀ ಕಿಕ್‌ನಿಂದ ಗೋಲು ಹೊಡೆದರು. ಫೈನಲ್‌ನಲ್ಲಿ ಶಿವಶಕ್ತಿ ಆರಂಭದಲ್ಲೇ ಗಾಯಗೊಂಡಾಗ ಅಂಗಳಕ್ಕಿಳಿದು ಪೆನಾಲ್ಟಿಯನ್ನೂ ಗೋಲಾಗಿಸಿದರು. ಹಿರಿಯ ಸ್ಟ್ರೈಕರ್ ಇರುವಾಗಲೇ ಕಿರಿಯನನ್ನು ಬೆಳೆಸಬಹುದೆಂಬುದಕ್ಕೆ ನಮ್ಮ ಊರಿನ ತಂಡವೇ ಉದಾಹರಣೆ. ಅದು ಒಂದು ವರ್ಷಕ್ಕೆ ನಿಂತುಹೋದದ್ದು ನನ್ನ ಬೇಸರ.

ಹಲಸೂರು ನಿವಾಸಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆ. ಮಲ್ಲೇಶ್ವರದವರು ಕೊಟ್ಟ ಉದಾಹರಣೆ ಮತ್ತು ಪಶ್ಚಿಮ ಗ್ಯಾಲರಿಯವರ ‘ಇಬ್ಬರ ಜಾಗ ಒಂದಾಯಿತು’ ಎಂಬ ಮಾತು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬನಶಂಕರಿಯವರೇ, ಚೆಟ್ರಿಯವರನ್ನು ಕರೆದದ್ದು ತಪ್ಪೆಂದು ನನಗೆ ಅನಿಸುವುದಿಲ್ಲ. ರಾಷ್ಟ್ರೀಯ ತಂಡದ ತರಬೇತುದಾರ ಗೆಲ್ಲಲು ಆಡಿಸಬೇಕು, ಹುಡುಗರನ್ನು ಬೆಳೆಸುವ ಹೊಣೆ ಕ್ಲಬ್‌ಗಳದು. ಅದೂ ಅಲ್ಲದೆ 2025ರಲ್ಲಿ ಐಎಸ್‌ಎಲ್‌ನ ಹೊಸ ಋತು ಎಂದಿನ ಸಮಯಕ್ಕೆ ಆರಂಭವಾಗದೆ ಹೋದಾಗ ಅತಿ ಹೆಚ್ಚು ನಷ್ಟವಾದದ್ದು, ಪಂದ್ಯದ ನಿಮಿಷಗಳನ್ನೇ ನಂಬಿದ ಈ ವಯಸ್ಸಿನ ಆಟಗಾರರಿಗೇ.

ನಮ್ಮ ಕೈಗೆ ಎಟುಕುವ ಮಟ್ಟದಲ್ಲಿ ಒಂದು ಸಂಗತಿಯಿದೆ. ಅಶೋಕನಗರದ ಮೈದಾನದಲ್ಲಿ ನಡೆಯುವ, ಬೆಂಗಳೂರಿನ ಸ್ಥಳೀಯ ಲೀಗ್ ಆದ ಸೂಪರ್ ಡಿವಿಷನ್ ಪಂದ್ಯಗಳಲ್ಲಿ ವಿದೇಶಿ ಸ್ಟ್ರೈಕರ್‌ನ ಅನಿವಾರ್ಯತೆ ಯಾವ ತಂಡಕ್ಕೂ ಇಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 1968–69ರ ನಂತರ ಮೊದಲ ಬಾರಿ ರಾಜ್ಯ ತಂಡಗಳ ರಾಷ್ಟ್ರೀಯ ಕೂಟವಾದ ಸಂತೋಷ್ ಟ್ರೋಫಿ ಗೆದ್ದ ಕರ್ನಾಟಕ ತಂಡದ ಹುಡುಗರಲ್ಲಿ ಅನೇಕರು ಇದೇ ಲೀಗ್‌ನಲ್ಲಿ ಪಳಗಿದವರು. ಅಲ್ಲಿ ಇಬ್ಬರು ಸ್ಟ್ರೈಕರ್‌ಗಳನ್ನು ಆಡಿಸುವ ತಂಡಗಳು ಎಷ್ಟಿವೆ, ಇಪ್ಪತ್ತಮೂರರ ಒಳಗಿನವರಿಗೆ ಆ ಜಾಗ ಎಷ್ಟು ಸಿಗುತ್ತಿದೆ ಎಂಬುದನ್ನು ಪಂದ್ಯಕ್ಕೆ ಹೋಗುವವರು ಇಲ್ಲಿ ದಾಖಲಿಸಿದರೆ, ನಾವು ಊಹೆಯ ಮೇಲಲ್ಲದೆ ಕಂಡದ್ದರ ಮೇಲೆ ಮಾತಾಡಬಹುದು.

ನಿವೃತ್ತ ಆಟಗಾರ, ವಿಮಾನಪುರ

ನಾನು ಹೋಗುತ್ತೇನೆ, ನೋಡಿದ್ದನ್ನು ಬರೆದು ಹಾಕುತ್ತೇನೆ. ಹೆಣ್ಣೂರಿನ ತರಬೇತುದಾರರಿಗೆ ಒಂದು ಕೋರಿಕೆ: ದೊಡ್ಡ ಅಂಗಳ ವಾರಕ್ಕೊಮ್ಮೆಯಾದರೂ ಸಿಗುವಂತಿದ್ದರೆ, ದೂರದ ಕಂಬದ ಬಳಿ ಓಡಿ ಬಂದು ತಲೆ ಕೊಡುವುದನ್ನು ಹುಡುಗರಿಗೆ ಕಲಿಸಲು ನಾನು ಬರಬಲ್ಲೆ.

ಎಳೆಯರ ತರಬೇತುದಾರ, ಹೆಣ್ಣೂರು

ಖಂಡಿತ ಬನ್ನಿ ಸರ್. ಭಾನುವಾರ ಬೆಳಗ್ಗೆ ಶಾಲೆಯೊಂದರ ಮೈದಾನ ನಮಗೆ ಸಿಗುತ್ತದೆ, ಪೂರ್ಣ ಅಳತೆಯದು. ಹದಿಮೂರು ದಾಟಿದವರಿಗೆ ಮಾತ್ರ ತಲೆಯ ಅಭ್ಯಾಸ ಕೊಡುತ್ತೇನೆ, ಅದೂ ಮೊದಲು ಹಗುರವಾದ ಚೆಂಡಿನಿಂದ. ಅಷ್ಟನ್ನು ತಾವು ಒಪ್ಪುವಿರೆಂದು ಭಾವಿಸುತ್ತೇನೆ.